ಏಳು ಗಜ

ಅಂಪೈರು ಶಿಳ್ಳೆ ಊದಿ ಚುಕ್ಕೆಯ ಕಡೆ ಕೈ ತೋರಿಸಿದಾಗ
ನನಗೆ ಮೊದಲು ನೆನಪಾದದ್ದು ನಿನ್ನ ಬನಿಯನ್ನು,
ನಮ್ಮ ಮನೆಯ ಹಗ್ಗದ ಮೇಲೆ, ಇನ್ನೂ ಹಸಿ.
ಬೆಳಿಗ್ಗೆ ಆಯಿ ಕೇಳಿದ್ದಳು: ಇದು ಯಾರದ್ದು, ನಿನಗೆ ಸಡಿಲ.
ಟೀಮಿನದು ಅಂದೆ. ಸುಳ್ಳಲ್ಲ.
ಯಾವ ಟೀಮು ಅಂತ ಅವಳು ಕೇಳಲಿಲ್ಲ.

ಮಾಲಾದೇವಿ ಮೈದಾನ, ಭಾನುವಾರ, ಸಂಜೆ ಐದೂವರೆ.
ಕೆಂಪು ಧೂಳಿನಲ್ಲಿ ಸುಣ್ಣದ ಗೆರೆ ಅರ್ಧ ಅಳಿಸಿದೆ.
ಬೈತಖೋಲದ ನಾವು ಒಂದು, ಸದಾಶಿವಗಡದ ನೀವು ಒಂದು,
ಮೂರು ನಿಮಿಷ ಬಾಕಿ.
ಗೋಡೆಯ ಮೇಲೆ ಕೂತವರಿಗೆ ನಾವು ಹಾವು ಮುಂಗುಸಿ.
ಹೋದ ವರ್ಷ ನಿನ್ನ ಸ್ಟಿಕ್ಕು ತಾಗಿ
ನನ್ನ ಮೊಣಕೈಗೆ ನಾಲ್ಕು ಹೊಲಿಗೆ ಬಿದ್ದದ್ದು
ಮೀನು ಮಾರ್ಕೆಟ್ಟಿನ ತನಕ ಸುದ್ದಿ.
ಆ ಹೊಲಿಗೆಗಳನ್ನು ನೀನು ಕತ್ತಲೆಯಲ್ಲಿ
ಬೆರಳಿನಿಂದ ಎಣಿಸಿದ್ದು ಸುದ್ದಿಯಾಗಲಿಲ್ಲ.

ಎದುರಾಳಿ ಅಂದರೇನು, ಇನಾಸ್?
ಎದುರಿಗೆ ಇರುವ ಆಳು. ಅಷ್ಟೇ.
ಎದುರಿಗೆ ನಿಲ್ಲಲು ನಮಗಿದ್ದದ್ದು ಇದೊಂದೇ ಜಾಗ,
ಹಗಲು ಹೊತ್ತು, ಸಾವಿರ ಜನರ ನಡುವೆ,
ಕಣ್ಣಲ್ಲಿ ಕಣ್ಣಿಟ್ಟು.

ಉಳಿದದ್ದೆಲ್ಲ ರಾತ್ರಿ, ಕೋಡಿಬಾಗದ ದಂಡೆ,
ಲೈಟು ಆರಿಸಿದ ಬೈಕು,
ಬಿದ್ದುಹೋದ ಸೇತುವೆಯ ಮಾತು, ಹೊಸ ಸೇತುವೆಯ ಮೇಲೆ
ಗೋವಾದ ಲಾರಿ ದಾಟಿದಾಗಲೆಲ್ಲ ತಲೆ ತಗ್ಗಿಸುವ ಅಭ್ಯಾಸ.
ಬಳಚು ಆರಿಸುವ ಮುದುಕಿಯೊಬ್ಬಳು
ಒಮ್ಮೆ ಬೆಳಗಿನ ಇಳಿತದಲ್ಲಿ ನಮ್ಮನ್ನು ನೋಡಿ
ಏನೂ ನೋಡದವಳ ಹಾಗೆ ಬುಟ್ಟಿ ತೊಳೆದಳು.
ಅವಳಿಗೆ ಏನಾದರೂ ಕೊಡಬೇಕು ಅಂದಿದ್ದೆ ನೀನು.
ಏನು ಕೊಡುವುದು?

ಆ ದಂಡೆಯಲ್ಲೇ ನಾನು ಕಲಿತದ್ದು,
ಸುಳ್ಳು ಹೇಳುವ ಮೊದಲು ನೀನು
ಕೆಳತುಟಿಯನ್ನು ಹಲ್ಲಿನಡಿ ಹಿಡಿಯುತ್ತೀ.
ಫೋನಿನಲ್ಲಿ ಅಮ್ಮನಿಗೆ, ಅಂಕೋಲೆ ಬಸ್ಸು ಕೆಟ್ಟಿದೆ.
ಅಣ್ಣ ಪಾಸ್ಕುವಿಗೆ, ಜೊತೆಗೆ ಯಾರೂ ಇಲ್ಲ.
ತುಟಿ, ಹಲ್ಲು, ಆಮೇಲೆ ಮಾತು.

ಈಗ ಏಳು ಗಜದ ಆಚೆ ನೀನು
ಚೆಂಡಿಗೆ ಸ್ಟಿಕ್ಕು ತಾಗಿಸಿ ನಿಂತು
ನನ್ನ ಬಲಕ್ಕೆ ನೋಡಿದೆ.
ತುಟಿ ಹಲ್ಲಿನಡಿ ಹೋಯಿತು.

ಚೆಂಡು ಹೊರಡುವ ತನಕ ಗೋಲಿಯ ಪಾದ ಕದಲಬಾರದು,
ಅದು ನಿಯಮ. ನನ್ನ ಪಾದ ಕದಲಲಿಲ್ಲ.
ನಾನು ಎಡಕ್ಕೆ ಬಿದ್ದೆ.
ಗ್ಲೌಸಿಗೆ ಬಡಿದು ಚೆಂಡು ಚರಂಡಿಯ ಕಡೆ ಉರುಳಿತು.
ನಮ್ಮ ಹುಡುಗರು ಮೇಲೆ ಬಿದ್ದು ಹೆಲ್ಮೆಟ್ಟು ಕಿತ್ತು,
ಹೇಗೆ ಗೊತ್ತಾಯಿತು ಉಲ್ಲಾಸ, ಹೇಗೆ ಗೊತ್ತಾಯಿತು?
ನಸೀಬು ಅಂದೆ.
ನನ್ನ ತುಟಿ ಎಲ್ಲಿತ್ತೋ.

ಆ ರಾತ್ರಿ ನೀನು ಬರಲಿಲ್ಲ. ಮರುರಾತ್ರಿ ಬಂದೆ,
ಸೋಲಿನ ಮಾತೇ ಎತ್ತಲಿಲ್ಲ.
ಪಾಸ್ಕು ಗೋಲಿನ ಹಿಂದೆ ನಿಂತಿದ್ದ, ಅಂದೆ.
ನಾನು ಹೊಡೆಯುವ ಮೊದಲೇ
ನಿನ್ನ ಎಡಗೈ ತೆರೆದದ್ದನ್ನು ನೋಡಿದ್ದಾನೆ.
ಅವನಿಗೆ ನಿನ್ನ ಗುರುತು ಹೇಗೆ, ಅಂತ ಕೇಳಿದ.
ಊಟದ ತಾಟಿನ ಮುಂದೆ, ಎರಡು ಸಲ.
ನೀನು ಏನಂದೆ?
ಏನೂ ಅನ್ನಲಿಲ್ಲ.
ತುಟಿ ಕಚ್ಚಲೂ ಇಲ್ಲ, ಉಲ್ಲಾಸ, ಸುಮ್ಮನೆ ಉಂಡೆ.

ನದಿ ಏರುತ್ತಿತ್ತು. ಚಪ್ಪಲಿ ಎತ್ತಿ ಮೇಲಿಟ್ಟೆವು.
ಬಿಟ್ಟುಬಿಡಬಹುದಿತ್ತು ನೀನು, ಅಂದೆ ತಡೆದು.
ಬಿಟ್ಟಿದ್ದರೆ ನೀನು ಕ್ಷಮಿಸುತ್ತಿದ್ದೆಯಾ?
ಇಲ್ಲ, ಅಂದೆ. ನಕ್ಕೆ. ಆ ನಗೆ ಅಷ್ಟು ಗಟ್ಟಿಯಾಗಿ
ಆ ದಂಡೆಯಲ್ಲಿ ನಾವು ಯಾವತ್ತೂ ನಕ್ಕಿರಲಿಲ್ಲ.

ಪೇಪರಿನ ಕೊನೆಯ ಪುಟದಲ್ಲಿ ಫೋಟೊ ಬಂದಿದೆ:
ಪಂದ್ಯ ಮುಗಿದು ಇಬ್ಬರೂ ಕೈ ಕುಲುಕುತ್ತಿರುವುದು.
ನಮ್ಮದೆಂದು ಇರುವ ಒಂದೇ ಫೋಟೊ.
ಆಯಿ ಕತ್ತರಿಸಿ ತೆಗೆದಳು. ಚೌಕಟ್ಟು ಸಣ್ಣದು,
ಮಗ ಮಾತ್ರ ಕಾಣುವಂತೆ ಅರ್ಧ ಮಡಚಿ
ಗಾಜಿನೊಳಗೆ ಸೇರಿಸಿ ಮೊಳೆಗೆ ತೂಗಿದಳು.
ನೋಡಿದವರಿಗೆ ನಾನೊಬ್ಬನೇ,
ಯಾರಿಗೋ ಕೈ ಚಾಚಿ ನಿಂತಿದ್ದೇನೆ.
ನೀನು ನನ್ನ ಬೆನ್ನಿಗೆ ಬೆನ್ನು ಹಚ್ಚಿ
ನಮ್ಮ ಮನೆಯ ಗೋಡೆಯ ಕಡೆ ಮುಖ ಮಾಡಿದ್ದೀ.